ಕಡಲತಳಕ್ಕೆ ಇಳಿಸುವ ಕಾಂಕ್ರೀಟು ಶಿಲ್ಪ: ಮಿಶ್ರಣ, ಕಂಬಿ, ತೂಕ ಹೇಗಿರಬೇಕು?

ಮಣ್ಣಿನಮುದ್ದೆ ಕೇಳಿದ್ದು:

ಈಜುತ್ತ ಮೇಲಕ್ಕೇಳುವ ಕಡಲಾಮೆಯ ಶಿಲ್ಪ. ಎತ್ತರ 1.4 ಮೀಟರ್, ಮುಂದಿನ ಎರಡು ಈಜುಗಾಲು ಎರಡೂ ಬದಿಗೆ ಚಾಚಿವೆ, ಅಡಿಯಲ್ಲಿ 1.2 ಮೀಟರ್ ಚೌಕದ ತೆಳು ಪೀಠ. ಎಲ್ಲ ಸೇರಿ ಕಾಂಕ್ರೀಟು ಸುಮಾರು 0.4 ಘನ ಮೀಟರ್. ಜೇಡಿಮಣ್ಣಿನ ಮೂಲರೂಪ ಮುಗಿದಿದೆ, ಸಿಲಿಕೋನ್ ಅಚ್ಚು ಇನ್ನೂ ತೆಗೆದಿಲ್ಲ. ಹವಳದ ದಿಬ್ಬದ ಪಕ್ಕದ ಮರಳು ತಳದಲ್ಲಿ, 8 ಮೀಟರ್ ಆಳಕ್ಕೆ ಇಳಿಸುವ ಯೋಚನೆ. ಹವಳ, ಪಾಚಿ, ಮೀನು ಅದರ ಮೇಲೆ ಮನೆ ಮಾಡಬೇಕು ಅನ್ನುವುದೇ ಉದ್ದೇಶ.

ಕೇಳಬೇಕಾದ್ದು ಇಷ್ಟು. ಮಾಮೂಲಿ ಸಿಮೆಂಟು ಸಾಕೇ? ಒಳಗೆ 8 ಮಿ.ಮೀ. ಕಬ್ಬಿಣದ ಸರಳು ಹಾಕಬಹುದೇ? ಮೇಲೆ ಬಣ್ಣ ಹಚ್ಚಬಹುದೇ? ಅಲೆಗೆ ಉರುಳದಿರಲು ಎಷ್ಟು ತೂಕ ಬೇಕು? ಮತ್ತೆ, ಹವಳ ನಿಜವಾಗಿಯೂ ಬಂದು ಕೂರುತ್ತದೆಯೇ?

ಗಾರೆಕೈ:

ಮೊದಲು ಕಬ್ಬಿಣದ ಮಾತು ಮುಗಿಸಿಬಿಡೋಣ: ಹಾಕಬೇಡಿ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡ್ ಕಾಂಕ್ರೀಟಿನೊಳಗೆ ನಿಧಾನವಾಗಿ ಇಳಿದು ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೂಲ ಗಾತ್ರದ 2ರಿಂದ 6 ಪಟ್ಟು ಜಾಗ ಕೇಳುತ್ತದೆ, ಮೇಲಿನ ಪದರವನ್ನು ಒಳಗಿನಿಂದಲೇ ಒದ್ದು ಕಳಚುತ್ತದೆ. ಕಡಲ ಕಟ್ಟಡಗಳಲ್ಲಿ ಸರಳಿನ ಮೇಲೆ 50ರಿಂದ 75 ಮಿ.ಮೀ. ಕಾಂಕ್ರೀಟು ಇರಲೇಬೇಕು ಅನ್ನುವುದು ಇದಕ್ಕೇ. ಆಮೆಯ ಈಜುಗಾಲೇ ಅಷ್ಟು ದಪ್ಪ ಇಲ್ಲ, ಸರಳಿನ ಎರಡೂ ಕಡೆ ಅಷ್ಟು ಮುಚ್ಚಿಗೆ ಎಲ್ಲಿಂದ ತರುತ್ತೀರಿ? ಸತುವಿನ ಲೇಪದ ಸರಳು ಕೆಲವು ವರ್ಷ ಮುಂದೂಡುತ್ತದೆ ಅಷ್ಟೇ, ತಪ್ಪಿಸುವುದಿಲ್ಲ.

ಬದಲಿಗೆ ಬಸಾಲ್ಟ್ ಅಥವಾ ಗಾಜಿನ ನಾರಿನ ಸರಳು, 8 ಮಿ.ಮೀ. ಸಾಕು. ಇದನ್ನು ಕೆಲಸದ ಜಾಗದಲ್ಲಿ ಬಗ್ಗಿಸಲು ಬರುವುದಿಲ್ಲ. ಬಗ್ಗಿಸಲು ಹೋದರೆ ನಾರು ಸೀಳುತ್ತದೆ. ನೇರ ತುಂಡುಗಳನ್ನೇ ಅಡ್ಡಡ್ಡ ಇಟ್ಟು, ಒಂದರ ಮೇಲೊಂದು 40 ಪಟ್ಟು ವ್ಯಾಸದಷ್ಟು, ಅಂದರೆ 320 ಮಿ.ಮೀ. ಹಾಯಿಸಿ ಕಟ್ಟಿ. ಕಟ್ಟುವುದಕ್ಕೆ ಕಬ್ಬಿಣದ ತಂತಿ ಬೇಡ, ಹತ್ತಿ ದಾರ ಸಾಕು. ಕಾಂಕ್ರೀಟು ಗಟ್ಟಿಯಾಗುವವರೆಗೆ ಹಿಡಿದುಕೊಂಡರೆ ಅದರ ಕೆಲಸ ಮುಗಿಯಿತು. ಬಿರುಕು ತಡೆಯಲು ಪ್ಲಾಸ್ಟಿಕ್ ನಾರು ಬೆರೆಸಿ ಅಂತ ಯಾರಾದರೂ ಹೇಳಿಯಾರು. ಮೇಲ್ಮೈ ಸವೆದಂತೆ ಆ ನಾರು ಉದುರುವುದು ನೀರಿಗೇ. ಕಡಲು ಉಳಿಸುವ ಶಿಲ್ಪಕ್ಕೆ ಇದಕ್ಕಿಂತ ದೊಡ್ಡ ತಮಾಷೆ ಇಲ್ಲ.

ಸಿಮೆಂಟಿನ ವಿಷಯ. ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟು ಗಟ್ಟಿಯಾಗುವಾಗ ಸುಣ್ಣ ಬಿಡುತ್ತದೆ. ಹೊಸ ಕಾಂಕ್ರೀಟಿನೊಳಗಿನ ನೀರಿನ ಪಿಎಚ್ 12.5ರ ಮೇಲೆ, ಸಮುದ್ರದ್ದು 8.1ರ ಆಸುಪಾಸು. ಆ ಸುಣ್ಣ ಹೊರಗೆ ಸೋರುವಷ್ಟು ದಿನ ಮೇಲ್ಮೈ ಮೇಲೆ ಸೂಕ್ಷ್ಮಜೀವಿಗಳಿಗೆ ಕಷ್ಟ. ಅರ್ಧದಷ್ಟು ಸಿಮೆಂಟಿನ ಜಾಗಕ್ಕೆ ಕಬ್ಬಿಣದ ಊದುಕುಲುಮೆಯ ಸ್ಲ್ಯಾಗ್ (ಕಿಟ್ಟ) ಪುಡಿ ಮತ್ತು ಸ್ವಲ್ಪ ಸಿಲಿಕಾ ಫ್ಯೂಮ್ (ಅತಿ ನಯವಾದ ಸಿಲಿಕಾ ಪುಡಿ) ಹಾಕಿದರೆ ಅವು ಆ ಸುಣ್ಣವನ್ನೇ ತಿಂದು ಗಟ್ಟಿಯಾಗುತ್ತವೆ. ಉಪ್ಪು ಒಳಗಿಳಿಯುವ ರಂಧ್ರಗಳೂ ಮುಚ್ಚುತ್ತವೆ.

1 ಘನ ಮೀಟರಿಗೆ ಲೆಕ್ಕ: ಸಿಮೆಂಟು 200, ಸ್ಲ್ಯಾಗ್ 180, ಸಿಲಿಕಾ ಫ್ಯೂಮ್ 20, ತೊಳೆದ ಮರಳು 740, 10 ಮಿ.ಮೀ. ಜಲ್ಲಿ 1,100 ಕೆ.ಜಿ., ನೀರು 160 ಲೀಟರ್. ನಿಮ್ಮ 0.4ಕ್ಕೆ ಶೇ. 10 ನಷ್ಟ ಸೇರಿಸಿದರೆ ಸಿಮೆಂಟು 88, ಸ್ಲ್ಯಾಗ್ 79, ಫ್ಯೂಮ್ 9, ಮರಳು 326, ಜಲ್ಲಿ 484 ಕೆ.ಜಿ., ನೀರು 70 ಲೀಟರ್. ಇಷ್ಟು ಕಡಿಮೆ ನೀರಿಗೆ ಮಿಶ್ರಣ ಮೊಂಡಾಗಿರುತ್ತದೆ. ಹರಿಯುವಂತೆ ಮಾಡಲು ಪ್ಲಾಸ್ಟಿಸೈಜರ್ ಹಾಕಿ, ನೀರು ಮಾತ್ರ ಸುರಿಯಬೇಡಿ. ಮರಳು ಒದ್ದೆ ಇದ್ದರೆ ಅದರಲ್ಲಿರುವ ನೀರನ್ನೂ 70ರಲ್ಲೇ ಕಳೆಯಬೇಕು, ಹೆಚ್ಚಿನವರು ಎಡವುವುದು ಇಲ್ಲೇ.

ಅಚ್ಚು ಇನ್ನೂ ತೆಗೆದಿಲ್ಲ ಅಂದಿರಿ, ಒಳ್ಳೆಯದಾಯಿತು. ಒರಟುತನವನ್ನು ಈಗಲೇ ಮಣ್ಣಿನಲ್ಲಿ ಕೊಡಿ: 2ರಿಂದ 4 ಮಿ.ಮೀ. ಅಗಲ, 3ರಿಂದ 5 ಮಿ.ಮೀ. ಆಳದ ಗೀರು, ಕುಳಿ, ಚಿಪ್ಪಿನಡಿಯಲ್ಲಿ ಮಡಿಕೆ. ನುಣುಪಾದ ಬೆನ್ನು ಗ್ಯಾಲರಿಗೆ ಚೆಂದ. ಸಿಲಿಕೋನಿಗೆ ಬಿಡಿಸುವ ಎಣ್ಣೆ ಬೇಕಿಲ್ಲ, ಪೀಠದ ಪ್ಲೈವುಡ್ ಅಚ್ಚಿಗೂ ಡೀಸೆಲ್, ಹಳೆ ಎಂಜಿನ್ ಆಯಿಲ್ ಹಚ್ಚಬೇಡಿ. ಅಲ್ಲಿಗೆ ಸಕ್ಕರೆಯ ಗಟ್ಟಿ ಪಾಕ ಬಳಿದು ಒಣಗಿಸಿ. ಸಕ್ಕರೆ ತಾಗಿದ 2-3 ಮಿ.ಮೀ. ಸಿಮೆಂಟು ಗಟ್ಟಿಯಾಗುವುದಿಲ್ಲ, ಅಚ್ಚು ಬಿಚ್ಚಿದೊಡನೆ ಬ್ರಷ್ ಹಾಕಿ ತೊಳೆದರೆ ಜಲ್ಲಿ ಎದ್ದು ಕಾಣುತ್ತದೆ. ಮೊದಲು ಒಂದು ಇಟ್ಟಿಗೆಯಷ್ಟು ತುಂಡಿನ ಮೇಲೆ ಮಾಡಿ ನೋಡಿ. ಮಿಶ್ರಣದೊಳಕ್ಕೆ ಸಕ್ಕರೆ ಹೋಗದಂತೆ ಎಚ್ಚರ. ಒಂದೆರಡು ಹಿಡಿ ಬಿದ್ದರೂ ಮರುದಿನ ಬೆಳಿಗ್ಗೆ ಎಲ್ಲ ಹಸಿ ಹಸಿ. ಸಿಲಿಕೋನ್ ಮೇಲೆ ಈ ಉಪಾಯ ನಡೆಯುವುದಿಲ್ಲ, ಪಾಕ ಹನಿಗಟ್ಟಿ ಜಾರಿಬಿಡುತ್ತದೆ.

ಅಚ್ಚಿನ ಹೊರಕವಚ ಗಟ್ಟಿ ಇರಲಿ. 1.4 ಮೀಟರ್ ಹಸಿ ಕಾಂಕ್ರೀಟು ಬುಡದಲ್ಲಿ ಚದರ ಮೀಟರಿಗೆ 3.4 ಟನ್ನಿನಷ್ಟು ಒತ್ತುತ್ತದೆ. 300 ಮಿ.ಮೀ. ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ವೈಬ್ರೇಟರ್ ಕೊಡಿ, ಹಿಂದಿನದು ಬಿಗಿಯುವ ಮೊದಲೇ ಮುಂದಿನದು ಬೀಳಬೇಕು. ಈಜುಗಾಲಿನ ತುದಿಗೂ ಹೊಟ್ಟೆಯಡಿಗೂ ಗಾಳಿ ಹೋಗಲು 8-10 ಮಿ.ಮೀ. ತೂತು ಬಿಡಿ. ಇಲ್ಲವಾದರೆ ಬಿಚ್ಚಿದಾಗ ತುದಿಯಲ್ಲಿ ಕಾಲೇ ಇರುವುದಿಲ್ಲ, ಜೇನುಗೂಡು ಇರುತ್ತದೆ.

ಸ್ಲ್ಯಾಗ್ ನಿಧಾನಿ. ಮೂರು ದಿನಕ್ಕೆ ಮುಂಚೆ ಬಿಚ್ಚಬೇಡಿ. 28 ದಿನ ಒದ್ದೆ ಗೋಣಿ, ಆಮೇಲೆ ಸಾಧ್ಯವಾದರೆ ತೊಟ್ಟಿಯಲ್ಲಿ ಇನ್ನೊಂದು ತಿಂಗಳು. ಅದೇ ಮಿಶ್ರಣದ ಒಂದು ಪರೀಕ್ಷಾ ತುಂಡನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ದಿನಕ್ಕೊಮ್ಮೆ ನೀರು ಬದಲಿಸಿ, 24 ಗಂಟೆ ನಿಂತ ನೀರಿನ ಪಿಎಚ್ 9ರ ಕೆಳಗೆ ಬಂತೇ ನೋಡುತ್ತಿರಿ.

ಬಣ್ಣ ಬೇಡ. ಹಚ್ಚಿದ್ದೆಲ್ಲ ಕೆಲವೇ ತಿಂಗಳಲ್ಲಿ ಪಾಚಿಯಡಿ ಹೋಗುತ್ತದೆ. ಹಿತ್ತಾಳೆ, ಕಂಚು, ತಾಮ್ರದ ಅಲಂಕಾರವಂತೂ ಸುತರಾಂ ಕೂಡದು. ಹಡಗಿನ ತಳಕ್ಕೆ ಜೀವಿಗಳು ಅಂಟದಿರಲಿ ಅಂತ ಹಚ್ಚುವುದೇ ತಾಮ್ರದ ಲೇಪ.

ಅಲೆಲೆಕ್ಕ:

ತೂಕದ ಪ್ರಶ್ನೆಗೆ ಯಾರೂ ಕೈಹಾಕಿಲ್ಲ. ನಿಮ್ಮ ಆಮೆ ಈಗಿರುವಂತೆ ಉರುಳುತ್ತದೆ. ಲೆಕ್ಕ ಇಲ್ಲಿದೆ.

ಮೇಲಿನ ಮಿಶ್ರಣ ಘನ ಮೀಟರಿಗೆ 2,400 ಕೆ.ಜಿ. ತೂಗುತ್ತದೆ, ಸಮುದ್ರದ ನೀರು 1,025. ಹಾಗಾಗಿ ನೆಲದ ಮೇಲೆ 960 ಕೆ.ಜಿ. ಇರುವ ಶಿಲ್ಪ ನೀರಿನಡಿ ಬರೀ 550. ಮರಳಿನ ಮೇಲೆ ಘರ್ಷಣೆ ಅದರ ಅರ್ಧ ಅಂತ ಹಿಡಿಯಿರಿ, 275. ಪಕ್ಕಕ್ಕೆ ಇಷ್ಟು ಕೆ.ಜಿ. ತಳ್ಳಿದರೆ ಸಾಕು, ಜಾರುತ್ತದೆ.

ತಳ್ಳುವುದು ಯಾರು? ದಿನನಿತ್ಯದ ಪ್ರವಾಹ ಅಲ್ಲ. ಸೆಕೆಂಡಿಗೆ 1 ಮೀಟರ್ ನೀರು, 1 ಚದರ ಮೀಟರ್ ಎದುರುಮುಖ, ಎಳೆತದ ಗುಣಾಂಕ (ಆಕಾರ ನೀರಿಗೆ ಎಷ್ಟು ತಡೆಯೊಡ್ಡುತ್ತದೆ ಅನ್ನುವ ಅಂಕಿ) 1.2 ಅಂದರೆ ಬಲ 63 ಕೆ.ಜಿ. ಅಷ್ಟೇ. ಕೆಡವುವುದು ಬಿರುಗಾಳಿ ಎಬ್ಬಿಸುವ ಉದ್ದನೆಯ ಅಲೆ, ಉದ್ದಲೆ. 8 ಮೀಟರ್ ಆಳದಲ್ಲಿ 5 ಮೀಟರ್ ಎತ್ತರದ ಉದ್ದಲೆ ಬಂದರೆ ತಳದ ನೀರು ಸೆಕೆಂಡಿಗೆ ಸುಮಾರು 2.8 ಮೀಟರ್ ವೇಗದಲ್ಲಿ ಹಿಂದೆ ಮುಂದೆ ತೂಗುತ್ತದೆ. ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 63 ಇದ್ದದ್ದು 490 ಆಗುತ್ತದೆ. 275 ಎಲ್ಲಿ, 490 ಎಲ್ಲಿ. ಉರುಳುವ ಲೆಕ್ಕವೂ ಹಾಗೆಯೇ: 490 ಕೆ.ಜಿ. ಬಲ 0.7 ಮೀಟರ್ ಎತ್ತರದಲ್ಲಿ, 343. ಹಿಡಿದಿಡುವುದು 550 ಕೆ.ಜಿ. ಗುಣಿಲೆ ಅರ್ಧ ಪೀಠ 0.6, ಅಂದರೆ 330.

ಕೆಳಗೆ 1.8 × 1.8 × 0.2 ಮೀಟರಿನ ಹಲಗೆ ಸೇರಿಸಿ. 0.65 ಘನ ಮೀಟರ್, ನೀರಿನಡಿ 890 ಕೆ.ಜಿ. ಹೆಚ್ಚುತ್ತದೆ. ಒಟ್ಟು 1,440, ಘರ್ಷಣೆ 720. ಉರುಳುವ ಭಯ ಹೋಯಿತು. ಆದರೆ ಹಲಗೆಯ ಅಂಚು ಕೂಡ ನೀರಿಗೆ ಎದೆಯೊಡ್ಡುತ್ತದೆ, 0.36 ಚದರ ಮೀಟರ್ ಜಾಸ್ತಿ, ತಳ್ಳುವ ಬಲ 667ಕ್ಕೆ ಏರಿತು. 720ಕ್ಕೂ 667ಕ್ಕೂ ನಡುವೆ ಉಳಿದದ್ದು ಏನೇನೂ ಅಲ್ಲ, ಏಕೆಂದರೆ ಅಲೆಯ ಎತ್ತುವ ಬಲವನ್ನು, ನೀರು ದಿಕ್ಕು ಬದಲಿಸುವಾಗಿನ ಹೊಡೆತವನ್ನು ನಾನಿಲ್ಲಿ ಸೇರಿಸಿಯೇ ಇಲ್ಲ. ಹಲಗೆಯನ್ನು ಮರಳಿನಲ್ಲಿ ಮಟ್ಟಕ್ಕೆ ಹುಗಿದರೆ ಅಂಚಿನ ಎಳೆತ ಇಲ್ಲವಾಗುತ್ತದೆ, ಸುತ್ತಲ ಮರಳೂ ಒತ್ತು ಕೊಡುತ್ತದೆ. ಮರಳಿನ ಪದರ ತೆಳುವಿದ್ದು ಕೆಳಗೆ ಬಂಡೆ ಇದ್ದರೆ ಇನ್ನೂ ಉತ್ತಮ. ಮರಳು ಆಳವಾಗಿದ್ದರೆ ಪ್ರವಾಹ ಪೀಠದ ಬುಡ ತೋಡುತ್ತದೆ, ಶಿಲ್ಪ ಒಂದು ಕಡೆಗೆ ವಾಲುತ್ತದೆ. ಅದಕ್ಕೆ ಸುತ್ತ ಅರ್ಧ ಮೀಟರ್ ಅಗಲ ದಪ್ಪಕಲ್ಲು ಹಾಸಬೇಕು.

16 ಮೀಟರಿಗೆ ಇಳಿಸಿದರೆ ಅದೇ ಅಲೆಯ ಬಲ ಅರ್ಧಕ್ಕಿಳಿಯುತ್ತದೆ. ಬೆಳಕೂ ಇಳಿಯುತ್ತದೆ, ಹವಳದವರು ಒಪ್ಪುತ್ತಾರೋ ನೋಡಿ. ಈ ಅಂಕಿಗಳು ದಿಕ್ಕು ತೋರಿಸುವುದಕ್ಕೆ. ಕೊನೆಯ ಲೆಕ್ಕವನ್ನು ಆ ಜಾಗದ ಅಲೆಯ ದಾಖಲೆ ಹಿಡಿದು ಕರಾವಳಿ ಎಂಜಿನಿಯರೇ ಮಾಡಬೇಕು.

ಹವಳಗಣ್ಣು:

ಬೆಳಕಿನ ಮಟ್ಟಿಗೆ 8 ಮೀಟರ್ ಒಳ್ಳೆಯ ಆಳ. ನೀರು ತಿಳಿಯಾಗಿದ್ದರೆ 16 ಕೂಡ ನಡೆಯುತ್ತದೆ, ಕೆಸರು ನೀರಾದರೆ ಇಲ್ಲ.

ಹವಳ ಕೂರುತ್ತದೆಯೇ ಅಂದರೆ, ಮೊದಲ ದಿನವೇ ಅಲ್ಲ. ಇಳಿಸಿದ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾದ ಜಾರುವ ಪೊರೆ, ವಾರಗಳಲ್ಲಿ ಹಸಿರು-ಕಂದು ಪಾಚಿಯ ರೋಮ, ಆಮೇಲೆ ಬಾರ್ನಕಲ್ (ಬಂಡೆಗೆ ಅಂಟಿ ಬದುಕುವ ಚಿಪ್ಪಿನ ಜೀವಿ), ಕೊಳವೆಹುಳು, ಸ್ಪಂಜು. ಇವುಗಳ ನಡುವೆ ಗುಲಾಬಿ ಬಣ್ಣದ, ಸುಣ್ಣ ಬಳಿದಂತೆ ಕಾಣುವ ಗಟ್ಟಿ ಪಾಚಿಯ ಹಕ್ಕಳೆ ಶುರುವಾದರೆ ಖುಷಿಪಡಿ. ಅನೇಕ ಜಾತಿ ಹವಳದ ಲಾರ್ವಾಗಳು ಆ ಪಾಚಿಯ ರಾಸಾಯನಿಕ ಸುಳಿವು ಹಿಡಿದೇ ಜಾಗ ಆರಿಸುವುದು. ನೀರಿನಲ್ಲಿ ತೇಲುವ ಒಂದು ಮಿ.ಮೀ. ಆಸುಪಾಸಿನ ಜೀವ ಅದು. ತೆರೆದ ಬೆನ್ನಿನ ಮೇಲೆ ಕೂತರೆ ಮೀನು ಕೆರೆಯುತ್ತದೆ, ಇಲ್ಲವೇ ಹೂಳು ಮುಚ್ಚುತ್ತದೆ. ಅದಕ್ಕೇ ಗೀರಿನೊಳಗೆ, ಚಿಪ್ಪಿನ ಅಂಚಿನ ಅಡಿಯಲ್ಲಿ, ಈಜುಗಾಲಿನ ಕೆಳಮುಖದಲ್ಲಿ ಹುಡುಕಬೇಕು. ಗಾರೆಕೈ ಹೇಳಿದ ಗೀರುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಮೇಲ್ಮುಖವಾದ ಬಟ್ಟಲಿನಂಥ ತಗ್ಗು ಮಾತ್ರ ಬೇಡ, ಅದು ಹೂಳಿನ ತಟ್ಟೆ ಆಗುತ್ತದೆ.

ಕಾಲ ಮುಖ್ಯ. ಆ ಜಾಗದ ಹವಳಗಳು ಮೊಟ್ಟೆ ಬಿಡುವ ಸಮಯಕ್ಕೆ ಒಂದೆರಡು ತಿಂಗಳು ಮುಂಚೆ ಇಳಿಸಿ. ಉದಾಹರಣೆಗೆ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸಾಮೂಹಿಕವಾಗಿ ಮೊಟ್ಟೆ ಬಿಡುವುದು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್ ಹುಣ್ಣಿಮೆಯ ನಂತರದ ರಾತ್ರಿಗಳಲ್ಲಿ. ತೀರಾ ಹತ್ತಿರ ಇಳಿಸಿದರೆ ಪೊರೆ ಸಿದ್ಧವಾಗಿರುವುದಿಲ್ಲ. ತೀರಾ ಮುಂಚೆ ಇಳಿಸಿದರೆ ಪಾಚಿಯ ಹುಲ್ಲು ಜಾಗವನ್ನೆಲ್ಲ ಹಿಡಿದಿರುತ್ತದೆ. ಪಾಚಿ ಮೇಯುವ ಗಿಳಿಮೀನು, ಕಡಲಮುಳ್ಳು ಚೆಂಡು (ಸೀ ಅರ್ಚಿನ್) ಸುತ್ತಮುತ್ತ ಇಲ್ಲದ ಕಡೆ ಎಂಥ ಶಿಲ್ಪವೂ ಹಸಿರು ಗಡ್ಡ ಬಿಟ್ಟುಕೊಂಡು ಕೂರುತ್ತದೆ, ಅಷ್ಟೇ.

ಬೇಗ ಕಾಣಬೇಕು ಅಂದರೆ ಅಲೆಗೆ ಮುರಿದು ಬಿದ್ದ ಹವಳದ ತುಂಡು ನೆಡಬಹುದು, ಅನುಮತಿ ಇದ್ದರೆ ಮಾತ್ರ. ಅಚ್ಚಿನಲ್ಲೇ 20-25 ಮಿ.ಮೀ. ವ್ಯಾಸದ ಕುಳಿಗಳನ್ನು ಬಿಟ್ಟಿರಿ, ನೀರಿನಡಿ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿ ಮುದ್ದೆಯಿಂದ ಕೂರಿಸುತ್ತಾರೆ. ಅಲುಗಾಡುವ ತುಂಡು ಎಂದೂ ಹಿಡಿಯುವುದಿಲ್ಲ. ಕವಲೊಡೆಯುವ ಅಕ್ರೊಪೊರಾ ವರ್ಷಕ್ಕೆ 5ರಿಂದ 10 ಸೆಂ.ಮೀ. ಬೆಳೆಯಬಲ್ಲದು, ಗುಂಡುಬಂಡೆಯಂಥ ಪೊರೈಟಿಸ್ 1 ಸೆಂ.ಮೀ. ಆಸುಪಾಸು. ಆದರೆ ನೀರು ಬಿಸಿಯಾದಾಗ ಮೊದಲು ಬಿಳಿಚಿಕೊಳ್ಳುವುದೂ ಅಕ್ರೊಪೊರಾನೇ. ಎರಡನ್ನೂ ಬೆರೆಸಿ ನೆಡಿ.

ಶಿಲ್ಪಿಯಾಗಿ ನಿಮಗೊಂದು ಮಾತು. 5 ಮಿ.ಮೀ.ಗಿಂತ ಸಣ್ಣ ವಿವರ ಯಾವುದೂ ವರ್ಷದ ಮೇಲೆ ಕಾಣುವುದಿಲ್ಲ. ರೆಪ್ಪೆ, ಚರ್ಮದ ಸುಕ್ಕು ಎಲ್ಲ ಹೋಗುತ್ತದೆ. ಉಳಿಯುವುದು ದೂರದಿಂದ ಕಾಣುವ ಹೊರಗೆರೆ. ಕತ್ತಿನ ಓರೆ, ಈಜುಗಾಲಿನ ಬಾಗು, ಅವುಗಳ ಮೇಲೆ ಶ್ರಮ ಹಾಕಿ.

ಒಳಗೆ ಪೊಳ್ಳು ಬಿಟ್ಟು ಮೀನಿಗೆ ಮನೆ ಮಾಡುವುದಾದರೆ ಪ್ರತಿ ಪೊಳ್ಳಿಗೂ ಎರಡು ದಾರಿ ಇರಲಿ. ಬಾಯಿ ಒಂದೋ ಮೀನು ಮಾತ್ರ ನುಗ್ಗುವಷ್ಟು ಸಣ್ಣದಿರಲಿ, ಇಲ್ಲವೇ ನಿಜವಾದ ಕಡಲಾಮೆ ಒಳಹೊಕ್ಕರೆ ತಿರುಗಿ ಬರುವಷ್ಟು ದೊಡ್ಡದಿರಲಿ. ನಡುವಿನ ಅಳತೆಯಲ್ಲಿ ಸಿಕ್ಕಿಕೊಂಡ ಆಮೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ.

ತಕರಾರಿನವ:

ಎಲ್ಲ ಸರಿ. ಇದು ನೀರಿಗೆ ಇಳಿಯಲೇಬೇಕೇ ಅನ್ನುವುದನ್ನು ಯಾರೂ ಕೇಳಲಿಲ್ಲವಲ್ಲ.

ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್ ಹೊರಗಿನ ಆಸ್ಬೋರ್ನ್ ರೀಫ್ ನೆನಪಿಸಿಕೊಳ್ಳಿ. 1970ರ ದಶಕದಲ್ಲಿ ಒಳ್ಳೆಯ ಉದ್ದೇಶದಿಂದಲೇ ಸುಮಾರು 20 ಲಕ್ಷ ಹಳೆ ಟೈರುಗಳನ್ನು ಕಂತೆ ಕಟ್ಟಿ ಮುಳುಗಿಸಿದರು. ಕಟ್ಟಿದ ಉಕ್ಕಿನ ಕೊಂಡಿ, ನೈಲಾನ್ ಪಟ್ಟಿ ಕಿತ್ತುಹೋದವು. ಬಿಡಿಬಿಡಿ ಟೈರುಗಳು ಬಿರುಗಾಳಿಗೆ ಉರುಳಾಡಿ ಪಕ್ಕದ ನಿಜವಾದ ಹವಳವನ್ನೇ ಉಜ್ಜಿ ಹಾಕಿದವು. ಇಂದಿಗೂ ಅದು ಎತ್ತಿ ತೆಗೆಯುವ ಕೆಲಸ. ಅಲೆಲೆಕ್ಕರ ಲೆಕ್ಕ ಪಾಸಾಗದ 960 ಕೆ.ಜಿ. ಆಮೆ ದಿಬ್ಬದ ಪಕ್ಕದಲ್ಲಿ ಜಾರಿದರೆ ಅದೂ ಅದೇ ಕೆಲಸ ಮಾಡುತ್ತದೆ.

ಇನ್ನೊಂದು: ಮೀನು ಸೇರಿತು ಅಂದ ಮಾತ್ರಕ್ಕೆ ಮೀನು ಹೆಚ್ಚಿತು ಅಂತಲ್ಲ. ಸುತ್ತಲಿದ್ದದ್ದೇ ಅಲ್ಲಿಗೆ ಬಂದು ಕೂಡಿರಬಹುದು. ಅಲ್ಲಿ ಗಾಳ ಹಾಕಲು ಬಿಟ್ಟರೆ ಹಿಡಿಯುವವರಿಗೆ ಕೆಲಸ ಸುಲಭ ಮಾಡಿಕೊಟ್ಟಂತೆ. ಕಿತ್ತಳೆ ಬಣ್ಣದ ಟ್ಯುಬಾಸ್ಟ್ರಿಯಾ ಹವಳ ಬ್ರೆಜಿಲ್ ಕರಾವಳಿಯಲ್ಲಿ ಹೊರಗಿನಿಂದ ಬಂದು ಹಬ್ಬಿದ್ದೂ ಮನುಷ್ಯ ಕಟ್ಟಿದ ರಚನೆಗಳ ಮೇಲೆ ಸವಾರಿ ಮಾಡಿಕೊಂಡೇ.

ಹಾಗಂತ ನೀರಿನಡಿಯ ಶಿಲ್ಪ ದಂಡ ಅನ್ನುತ್ತಿಲ್ಲ. ಕೆಲಸ ಸ್ಪಷ್ಟವಿದ್ದ ಕಡೆ ಅದು ಗೆದ್ದಿದೆ. ಇಟಲಿಯ ತಲಮೋನೆಯಲ್ಲಿ ಮೀನುಗಾರ ಪಾವ್ಲೊ ಫಾಂಚುಲ್ಲಿ ಕರಾರಾದ ಅಮೃತಶಿಲೆಯ ಶಿಲ್ಪಗಳನ್ನು ಮುಳುಗಿಸಿದ್ದು ತಳ ಕೆರೆಯುವ ಕಳ್ಳ ಟ್ರಾಲರುಗಳ ಬಲೆ ಹರಿಯಲಿ ಅಂತ. ಮೆಕ್ಸಿಕೋದ ಕಾನ್ಕುನ್‌ನಲ್ಲಿ ಶಿಲ್ಪಿ ಜೇಸನ್ ಡಿಕೇರ್ಸ್ ಟೇಲರ್ ಮತ್ತಿತರರ ಸುಮಾರು 500 ಶಿಲ್ಪಗಳು ಇರುವುದು ಮುಳುಗುಗಾರರ ಗುಂಪನ್ನು ದಣಿದ ದಿಬ್ಬಗಳಿಂದ ಆಚೆ ಎಳೆಯಲು. ಅದೇ ಟೇಲರ್ ಆಸ್ಟ್ರೇಲಿಯದ ಟೌನ್ಸ್‌ವಿಲ್‌ನಲ್ಲಿ 2019ರಲ್ಲಿ ನಿಲ್ಲಿಸಿದ 'ಓಷನ್ ಸೈರನ್' ನೀರಿನ ಮೇಲೆಯೇ ಇದೆ. ಡೇವಿಸ್ ರೀಫ್ ಎಂಬ ಹವಳದ ದಿಬ್ಬದಲ್ಲಿ ಅಳೆದ ನೀರಿನ ಬಿಸಿಗೆ ತಕ್ಕಂತೆ ಅದರ ದೀಪದ ಬಣ್ಣ ಬದಲಾಗುತ್ತದೆ. ದಡದಲ್ಲಿ ನಡೆಯುವವನಿಗೂ ಹವಳಕ್ಕೆ ಜ್ವರ ಬಂದದ್ದು ಗೊತ್ತಾಗುತ್ತದೆ. ನಿಮ್ಮ ಆಮೆ ಇವುಗಳಲ್ಲಿ ಯಾವ ಕೆಲಸಕ್ಕೆ? ಉತ್ತರ ಇಲ್ಲದಿದ್ದರೆ ದಡದಲ್ಲೇ ನಿಲ್ಲಿಸಿ.

ಇಳಿಸುವುದೇ ಆದರೆ ಲಂಡನ್ ಪ್ರೋಟೊಕಾಲ್ ಓದಿಕೊಳ್ಳಿ, ಕಡಲಿಗೆ ಕಸ ಸುರಿಯುವುದನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಅದು. ಎಸೆಯುವ ನೆಪವಲ್ಲದ, ಬೇರೆ ಉದ್ದೇಶಕ್ಕೆ ಇಡುವುದನ್ನು ಅದು ಕಸ ಸುರಿಯುವುದರಿಂದ ಬೇರೆಯಾಗಿ ನೋಡುತ್ತದೆ. ಕೃತಕ ದಿಬ್ಬಗಳಿಗೆ 2009ರ ಮಾರ್ಗಸೂಚಿಯೂ ಇದೆ. ಕರಾವಳಿ ದೇಶದ ಪರವಾನಗಿ, ತಳದಲ್ಲಿ ಕಡಲಹುಲ್ಲು ಇಲ್ಲವೆಂಬ ಸಮೀಕ್ಷೆ, ಶಿಲ್ಪದ ನೆತ್ತಿಯ ಮೇಲೆ ದೋಣಿಗೆ ಬೇಕಾದ ನೀರು, ನಕ್ಷೆಯಲ್ಲಿ ಗುರುತು, ಇವಿಲ್ಲದೆ ಕ್ರೇನ್ ಕರೆಯಬೇಡಿ. ನೋಡಲು ಬರುವ ದೋಣಿಗಳಿಗೆ ಕಟ್ಟುವ ತೇಲುಬುಂಡೆಯನ್ನೂ ಇಡಿ, ಇಲ್ಲವಾದರೆ ಅವರ ಲಂಗರು ಬೀಳುವುದು ನಿಮ್ಮ ಹವಳದ ಮೇಲೆ.

ಮಣ್ಣಿನಮುದ್ದೆ:

ತಕರಾರು ನ್ಯಾಯವಾದದ್ದೇ. ಕೆಲಸ ಕಾನ್ಕುನ್ ಥರದ್ದು: ಕಲಿಯುವ ಮುಳುಗುಗಾರರನ್ನು ದಿಬ್ಬದಿಂದ ದೂರ ಇಡುವುದು. ಅಲ್ಲಿ ಮೀನು ಹಿಡಿಯುವುದು ನಿಷಿದ್ಧ. ದಪ್ಪ ಹಲಗೆ ಒಪ್ಪಿದೆ. ಆದರೆ ಈಜುಗಾಲಿನ ತುದಿ ಈಗ 60 ಮಿ.ಮೀ., ಬುಡದಿಂದ ಹೊರಕ್ಕೆ 700 ಮಿ.ಮೀ. ಚಾಚಿದೆ. ಉಳಿಯುತ್ತದೆಯೇ? 2.5 ಟನ್ ಎತ್ತುವುದು ಹೇಗೆ?

ಗಾರೆಕೈ:

60 ಉಳಿಯುವುದಿಲ್ಲ. ಅಲೆ ಮುರಿಯದಿದ್ದರೆ ಈಜು ಕಲಿಯುವವನೊಬ್ಬ ಹಿಡಿದು ನೇತಾಡಿ ಮುರಿಯುತ್ತಾನೆ. ತುದಿ 100, ಬುಡ 180 ಮಿ.ಮೀ.ಗೆ ಏರಿಸಿ, ಒಳಗೆ ಎರಡು ಬಸಾಲ್ಟ್ ಸರಳು ಒಂದು ಕಾಲಿನಿಂದ ಎದೆಯೊಳಗೆ ಹಾದು ಇನ್ನೊಂದು ಕಾಲಿಗೆ ಹೋಗಲಿ. ಕಾಲು ಬಾಗಿದ್ದರೆ ಸರಳು ನೇರ ತುಂಡುಗಳಾಗಿ ಎದೆಯಲ್ಲಿ ಒಂದನ್ನೊಂದು ದಾಟಲಿ. ಇನ್ನೊಂದು ದಾರಿ, ಒಂದು ಈಜುಗಾಲನ್ನು ಕೆಳಗೆ ತಂದು ಪೀಠದಿಂದ ಎದ್ದ ಹವಳದ ಕೊಂಬೆಯಂಥ ಆಕೃತಿಗೆ ಒರಗಿಸುವುದು. ಆಗ ಅದು ನೇತಾಡುವ ಭಾಗವೇ ಅಲ್ಲ, ಅಡಿಯಲ್ಲಿ ಹವಳಗಣ್ಣು ಹೇಳಿದ ನೆರಳಿನ ಜಾಗವೂ ಸಿಗುತ್ತದೆ. ಮಣ್ಣು ಇನ್ನೂ ಹಸಿ ಇದ್ದರೆ ಅರ್ಧ ದಿನದ ಕೆಲಸ.

ಎತ್ತುವುದಕ್ಕೆ ಎರಡು ತುಂಡು ಮಾಡಿ. ಹಲಗೆ ಬೇರೆ, ಸುಮಾರು 1,550 ಕೆ.ಜಿ.; ಆಮೆ ಬೇರೆ, 960. ಟೇಲರ್ ಬಹಾಮಾಸ್‌ನಲ್ಲಿ 2014ರಲ್ಲಿ ನಿಲ್ಲಿಸಿದ 60 ಟನ್ನಿನ 'ಓಷನ್ ಅಟ್ಲಾಸ್' ಕೂಡ ತುಂಡು ತುಂಡಾಗಿಯೇ ಇಳಿದದ್ದು. ಹಲಗೆಯ ನಡುವೆ 150 ಮಿ.ಮೀ. ಆಳದ ಗುಳಿ, ಆಮೆಯ ತೆಳು ಪೀಠದ ಅಡಿಗೆ ಅದರಲ್ಲಿ ಕೂರುವ ಮೊಳೆಯಂಥ ಗೂಟ, ಸುತ್ತ 15 ಮಿ.ಮೀ. ಸಡಿಲ. ಗೂಟದ ಕೆಳತುದಿ ಸ್ವಲ್ಪ ಸಣ್ಣಗಿರಲಿ, ಇಲ್ಲದಿದ್ದರೆ ನೀರಿನಡಿ ಇಳಿಸುವಾಗ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಸಂದಿಗೆ ನೀರಿನಡಿ ಚದುರದ ಗ್ರೌಟ್ ತುಂಬಬೇಕು. ಮಾಮೂಲಿ ಗಾರೆ ಸುರಿದರೆ ಸಿಮೆಂಟು ತೊಳೆದು ಹೋಗಿ ಮರಳು ಮಾತ್ರ ಉಳಿಯುತ್ತದೆ.

ಉಕ್ಕಿನ ಕೊಂಡಿ ಹೂಳಬೇಡಿ. ಎರಡೂ ತುಂಡಿನ ಪೀಠದಲ್ಲಿ ನಾಲ್ಕು ಕಡೆ 75 ಮಿ.ಮೀ. ಪಿವಿಸಿ ಪೈಪಿಟ್ಟು ತೂತು ಬಿಟ್ಟು, ಪೈಪನ್ನು ಎಳೆದು ತೆಗೆದು, ಅದರಲ್ಲಿ ಬಟ್ಟೆಪಟ್ಟಿಯ ಸ್ಲಿಂಗ್ ಹಾಯಿಸಿ. ತೂತಿನ ಬಾಯಿ ಗುಂಡಗೆ ಉಜ್ಜಿರಿ, ಚೂಪಿದ್ದರೆ ಸ್ಲಿಂಗ್ ಕೊಯ್ಯುತ್ತದೆ. ಸ್ಲಿಂಗ್ ನೆಲದಿಂದ 60 ಡಿಗ್ರಿಗಿಂತ ಚಪ್ಪಟೆ ಆಗದಷ್ಟು ಉದ್ದ ಇರಲಿ, ದೋಣಿಯ ಕುಲುಕಿಗೆ ತೂಕವನ್ನು ಎರಡು ಪಟ್ಟು ಹಿಡಿದು ಆರಿಸಿ. ಆಮೆಯ ಸ್ಲಿಂಗ್ ಕತ್ತಿಗೆ ತಾಗುತ್ತದೆಯೇ ಅನ್ನುವುದನ್ನು ನೆಲದ ಮೇಲೆಯೇ ಒಮ್ಮೆ ಎತ್ತಿ ನೋಡಿ. ತಾಗಿದರೆ ಅಡ್ಡತೊಲೆ ಹಾಕಿ ಸ್ಲಿಂಗನ್ನು ಅಗಲಿಸಬೇಕು.

ಹವಳಗಣ್ಣು:

ಇಳಿಸುವ ಮೊದಲು ಒಣಗಿರುವಾಗಲೇ ನಾಲ್ಕೂ ಕಡೆಯಿಂದ ಅಳತೆಪಟ್ಟಿ ಇಟ್ಟು ಫೋಟೊ ತೆಗೆದಿಡಿ. ಆಮೇಲೆ ಮೂರು ತಿಂಗಳಿಗೊಮ್ಮೆ ಅವೇ ಕೋನಗಳಿಂದ, 25 ಸೆಂ.ಮೀ. ಚೌಕಟ್ಟು ಇಟ್ಟು. ಚೌಕಟ್ಟು ಪ್ರತಿ ಸಲ ಅದೇ ಜಾಗಕ್ಕೆ ಬೀಳಲು ಮಣ್ಣಿನಲ್ಲೇ ಈಗ ನಾಲ್ಕು ಗುಬುಟು ಎಬ್ಬಿಸಿಬಿಡಿ, 30 ಮಿ.ಮೀ. ಎತ್ತರ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ಎರಡನೇ ವರ್ಷ ಸ್ಪಂಜಿನಡಿ ಹುಡುಕಬೇಕಾಗುತ್ತದೆ.